ಟೈಮೆಷ್ಟು

ಅರಸೀಕೆರೆಯಲ್ಲಿ ಆಗ ಹುಡುಗ ಹುಡುಗಿಯನ್ನು
ಕೇಳಬಹುದಾಗಿದ್ದ ಮಾತು ಒಂದೇ:
ಟೈಮೆಷ್ಟು?

ಉಳಿದದ್ದಕ್ಕೆಲ್ಲ ಹೆಸರು ಬೀಳುತ್ತಿತ್ತು.
ನೋಟ್ಸ್ ಕೇಳಿದರೆ ಲೈನು,
ಸೈಕಲ್ ಬೆಲ್ಲು ಎರಡು ಸಲ ಹೊಡೆದರೆ ಲೈನು,
ನಕ್ಕರಂತೂ ಸಂಜೆಯೊಳಗೆ
ಕಕ್ಕಸಿನ ಗೋಡೆಯ ಮೇಲೆ ಇದ್ದಿಲಲ್ಲಿ
ಇಬ್ಬರ ಹೆಸರು, ನಡುವೆ ಕೂಡಿಸುವ ಗುರುತು.
ಲೆಕ್ಕದಲ್ಲಿ ಫೇಲಾಗುವವರೇ ಅದನ್ನು ಬರೆಯುತ್ತಿದ್ದದ್ದು.

ಟೈಮು ಕೇಳುವುದಕ್ಕೆ ಮಾತ್ರ ಯಾರ ತಕರಾರೂ ಇಲ್ಲ.
ಅದಕ್ಕೇ ಓಂಕಾರಮೂರ್ತಿ,
ಕೊಬ್ಬರಿ ಮಂಡಿ ತೀರ್ಥಪ್ಪನ ಎರಡನೇ ಮಗ,
ರೈಲ್ವೆ ಸೇತುವೆಯ ಹನ್ನೊಂದನೇ ಮೆಟ್ಟಿಲಲ್ಲಿ ನಿಂತು
ದಿನಾ ಒಂಬತ್ತೂ ಇಪ್ಪತ್ತಕ್ಕೆ ನನ್ನನ್ನು ಕೇಳುತ್ತಿದ್ದ.
ವಾಚು ಕಟ್ಟಿದ ಕೈ ಬೆನ್ನ ಹಿಂದೆ.

ನಾನು ಪಾಯಿಂಟ್ಸ್‌ಮನ್ ಮಗಳು, ನನಗೆಲ್ಲಿಯ ವಾಚು.
ಬಗ್ಗಿ ಪ್ಲಾಟ್‌ಫಾರ್ಮಿನ ಗಡಿಯಾರ ನೋಡಿ
(ಅವನಿಗೂ ಕಾಣುತ್ತಿದ್ದ ಅದೇ ಗಡಿಯಾರ)
ಒಂಬತ್ತೂ ಇಪ್ಪತ್ತು ಅನ್ನುತ್ತಿದ್ದೆ.
ಥ್ಯಾಂಕ್ಸ್ ಅನ್ನುತ್ತಿದ್ದ.
ಅಷ್ಟೆ. ಒಂದು ವರ್ಷ ಎರಡು ತಿಂಗಳು.

ಒಮ್ಮೆ ಮೈಸೂರು ಗಾಡಿ ಲೇಟಾಗಿ
ಸೇತುವೆ ತುಂಬ ಜನ, ಬುಟ್ಟಿ, ಎಳನೀರ ಗೊನೆ.
ಅವತ್ತು ಎರಡು ಸಲ ಕೇಳಿದ.
ಎರಡನೇ ಸಲ ಗಡಿಯಾರ ನೋಡದೆ
ತಪ್ಪು ಹೇಳಿದೆ.
ಅವನು ತಿದ್ದಲಿಲ್ಲ.

ಹತ್ತನೇ ಕ್ಲಾಸಿನ ಆಗಸ್ಟಿನಲ್ಲಿ
ಹೆಡ್‌ಮಿಸ್ಸು ಜಾನಕಮ್ಮನವರಿಗೆ ಗೋಡೆ ಬಳಿಸಿ ಬಳಿಸಿ ಸಾಕಾಗಿ
ಹುಕುಂ ಹೊರಟಿತು: ಈ ಸಲ ರಾಖಿ ಹಬ್ಬ,
ಹುಡುಗಿಗೊಬ್ಬ ಹುಡುಗ, ಚೀಟಿ ಎತ್ತಿ.
ಸುಣ್ಣಕ್ಕಿಂತ ದಾರ ಅಗ್ಗ, ನಾಲ್ಕಾಣೆ.

ಜಾಮೆಟ್ರಿ ಬಾಕ್ಸು ಕುಲುಕಿ ಕುಲುಕಿ
ಇಡೀ ಕ್ಲಾಸಿನಲ್ಲಿ ನನಗೆ ಬಂದದ್ದು
ಓಂಕಾರಮೂರ್ತಿ.

ಸಮಾಜದ ಪೀರಿಯಡ್ಡು ಪೂರ್ತಿ ಆ ಚೀಟಿ
ಅಂಗೈಯಲ್ಲಿ ಬೆವೆತು ಶಾಯಿ ಬಿಟ್ಟಿತು.
ಅದಲು ಬದಲು ಮಾಡ್ಕೊಳೆ, ಅಂದೆ ಶಹತಾಜ್‌ಗೆ.
ಏನು ಕೊಡ್ತೀಯ, ಅಂದಳು.
ಹೊಸಾ ಹೀರೋ ಪೆನ್ನು ಕೊಟ್ಟೆ.
ಮನೆಯಲ್ಲಿ ಕಳೆದುಹೋಯಿತು ಅಂದದ್ದಕ್ಕೆ
ಅಪ್ಪನ ಎರಡು ಏಟು. ಸಿಹಿಯಾಗಿತ್ತು ಅಂತ
ಈಗ ಬರೆದರೆ ಸುಳ್ಳಾಗುತ್ತದೆ.
ಉರಿಯಿತು.

ಹಬ್ಬದ ದಿನ ಯಾವನೋ ಗಂಗಾಧರನಿಗೆ ದಾರ ಕಟ್ಟುತ್ತ
ಬಾಗಿಲನ್ನೇ ನೋಡುತ್ತಿದ್ದೆ.
ಓಂಕಾರಮೂರ್ತಿ ಬರಲಿಲ್ಲ.
ಜ್ವರ ಅಂದರು ಒಬ್ಬರು,
ಗೂಡ್ಸ್ ಶೆಡ್ಡಿನ ಹಿಂದೆ ಕಡಲೆಕಾಯಿ ತಿನ್ನುತ್ತಿದ್ದ ಅಂದರು ಇನ್ನೊಬ್ಬರು.
ಮಿಕ್ಕ ರಾಖಿಯನ್ನು ಶಹತಾಜ್
ಮನೆಯ ಹೋತದ ಕೊಂಬಿಗೆ ಕಟ್ಟಿದಳು.

ಮಾರನೇ ದಿನ ಹನ್ನೊಂದನೇ ಮೆಟ್ಟಿಲು ಖಾಲಿ.
ಆಮೇಲೂ ಖಾಲಿ.
ಕ್ಲಾಸಿನಲ್ಲಿ ಇರುತ್ತಿದ್ದ, ಗೋಡೆ ಕಡೆ ತಿರುಗಿ.
ನನಗೇನು ಬಿಂಕ ಕಡಿಮೆಯೆ?
ಸೇತುವೆ ಬಿಟ್ಟು ಹಳಿ ದಾಟಿಯೇ ಸ್ಕೂಲಿಗೆ ಹೋದೆ,
ಅಪ್ಪ ಬೈದರೂ, ಪರೀಕ್ಷೆ ಮುಗಿಯುವ ತನಕ.

ಕಳೆದ ತಿಂಗಳು ಬ್ಯಾಂಕಿನ ಕ್ಯೂನಲ್ಲಿ ಶಹತಾಜ್ ಸಿಕ್ಕಳು.
ಮೊಣಕಾಲು, ಮೊಮ್ಮಗನ ಆಧಾರು, ತೆಂಗಿನಕಾಯಿ ರೇಟು,
ನಡುವೆ ಎಲ್ಲೋ, ಚಿಲ್ಲರೆ ಎಣಿಸುತ್ತ:
'ಅವನ ಹೆಸರು ನಿನಗೆ ಬಂತು ಅಂತ
ಯಾರೋ ಅವತ್ತೇ ಊದಿದ್ದರಂತೆ ಕಣೆ.
ನಿನ್ನ ಕೈಲಿ ಕಟ್ಟಿಸ್ಕೋಬಾರದು ಅಂತ ಓಡಿಹೋಗಿದ್ದು.
ಬದಲಾಯಿಸಿದ್ದು ಪಾಪ ಅವನಿಗೇನು ಗೊತ್ತು.
ನೀನು ಕಟ್ಟೋಕೆ ರೆಡಿಯಾಗಿದ್ದೆ ಅಂತಲೇ ಅವನ ಲೆಕ್ಕ.'

ನೀನಾದರೂ ಹೇಳಬಾರದಿತ್ತಾ, ಅಂದೆ.
'ಪೆನ್ನು ಇಸ್ಕೊಂಡಿದ್ದೆನಲ್ಲ,
ಬಾಯಿ ಮುಚ್ಕೊಂಡಿರೋದಕ್ಕೂ ಸೇರಿ ಅಲ್ವಾ ಅದು?'

ಅಷ್ಟರಲ್ಲಿ ನನ್ನ ಟೋಕನ್ ಕೂಗಿದರು.

ವಾಪಸು ಬರುವಾಗ ಸೇತುವೆ ಹತ್ತಿದೆ.
ಹೊಸದಕ್ಕೆ ಮೆಟ್ಟಿಲು ಜಾಸ್ತಿ, ಗಿಡ್ಡ.
ಹನ್ನೊಂದನೆಯದರಲ್ಲಿ ನಿಂತರೆ
ತಗಡಿನ ಜಾಹೀರಾತು ಅಡ್ಡ ಬರುತ್ತದೆ,
ಗಡಿಯಾರ ಕಾಣುವುದಿಲ್ಲ.